ಅಟ್ಟದ ಬಾಯಿ: ಚಳಿನಾಡಿನ ಮನೆಗಳಲ್ಲಿ ಬಿಸಿ ಸೋರುವ ಕಿಂಡಿ

ಅಮೆರಿಕದ ಉತ್ತರ ರಾಜ್ಯಗಳಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬಂದ ಕನ್ನಡದ ತಂದೆತಾಯಂದಿರು ಅಲ್ಲಿನ ಮೇಲ್ಮಹಡಿಯ ಸೀಲಿಂಗಿನಲ್ಲಿ ಒಂದು ಚೌಕಾಕಾರದ ಹಲಗೆಯನ್ನು ನೋಡಿರಬಹುದು. ಕೆಲವು ಮನೆಗಳಲ್ಲಿ ಅದರಿಂದ ಒಂದು ತುಂಡು ಹಗ್ಗ ಇಳಿಬಿದ್ದಿರುತ್ತದೆ. ಹಗ್ಗ ಎಳೆದರೆ ಹಲಗೆ ಬಾಗಿ, ಮಡಚಿಟ್ಟ ಏಣಿ ಕೆಳಗಿಳಿಯುತ್ತದೆ. ಅದೇ ಅಟ್ಟದ ಬಾಯಿ. ಹಳೆಯ ಸೂಟ್‌ಕೇಸು, ಹಬ್ಬದ ಅಲಂಕಾರದ ಸಾಮಾನು ಇಡಲು ವರ್ಷಕ್ಕೆ ನಾಲ್ಕಾರು ಬಾರಿ ತೆರೆಯುವ ಈ ಮುಚ್ಚಳದ ಬಗ್ಗೆ ಮನೆಯವರು ಮತ್ತೆ ಯೋಚಿಸುವುದೇ ಇಲ್ಲ. ಆದರೆ ಮನೆಯನ್ನು ಬೆಚ್ಚಗಿಡಲು ಮಾಡಿದ ವೆಚ್ಚದ ಗಣನೀಯ ಪಾಲು ಸದ್ದಿಲ್ಲದೆ ಆಕಾಶಕ್ಕೆ ಹೋಗುವುದು ಇದೇ ದಾರಿಯಲ್ಲಿ. ಈ ಕಿಂಡಿಯ ಕಥೆ, ಅದರ ಹಿಂದಿನ ವಿಜ್ಞಾನ ಹಾಗೂ ಅದನ್ನು ಸರಿಪಡಿಸುವ ಕ್ರಮ ಇಲ್ಲಿದೆ.

ಯಾವ ಅಟ್ಟ?

ಕನ್ನಡ ನಾಡಿನ ಅಟ್ಟಕ್ಕೂ ಅಮೆರಿಕದ ಅಟ್ಟಕ್ಕೂ ವ್ಯತ್ಯಾಸವಿದೆ. ಮಲೆನಾಡಿನ ಮನೆಯ ಅಟ್ಟ ಅಡಕೆ, ಭತ್ತ, ಪಾತ್ರೆಪಡಗಗಳನ್ನು ಇಡುವ ಜಾಗ. ಅಡುಗೆಮನೆಯ ಹೊಗೆ ಅಲ್ಲಿಗೇರಿ ಹೆಂಚಿನ ಸಂದುಗಳಿಂದ ಹೊರಹೋಗುತ್ತದೆ. ಗಾಳಿ ಆಡಬೇಕೆಂಬುದೇ ಅಲ್ಲಿನ ಉದ್ದೇಶ.

ಅಮೆರಿಕದ ಮರದ ಚೌಕಟ್ಟಿನ ಮನೆಯಲ್ಲಿ ಇಳಿಜಾರು ಛಾವಣಿಗೂ ಕೋಣೆಯ ಸೀಲಿಂಗಿಗೂ ನಡುವೆ ಉಳಿಯುವ ತ್ರಿಕೋನಾಕಾರದ ಖಾಲಿ ಜಾಗವೇ ಅಟ್ಟ. ಸೀಲಿಂಗಿನ ಜಿಪ್ಸಂ ಹಲಗೆಯ ಮೇಲೆ ಗಾಜಿನ ನಾರು ಅಥವಾ ಹಳೆಯ ಕಾಗದದಿಂದ ತಯಾರಿಸಿದ ಸೆಲ್ಯುಲೋಸ್ ಪುಡಿಯನ್ನು ದಪ್ಪ ಹಾಸಿಗೆಯಂತೆ ಹರಡಿರುತ್ತಾರೆ. ಇದು ಉಷ್ಣನಿರೋಧಕ. ಅದರ ಮೇಲಿನ ಜಾಗಕ್ಕೆ ಛಾವಣಿಯ ಅಂಚಿನಲ್ಲೂ ನೆತ್ತಿಯಲ್ಲೂ ಗಾಳಿಕಂಡಿಗಳನ್ನು ಬಿಟ್ಟಿರುತ್ತಾರೆ. ಹೀಗಾಗಿ ಜನವರಿಯ ಚಳಿಯಲ್ಲಿ ಅಟ್ಟದ ಒಳಗೂ ಹೆಚ್ಚುಕಡಿಮೆ ಹೊರಗಿನಷ್ಟೇ ಚಳಿ.

ಇದನ್ನು ಗಮನಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನೋಡಲು ಮನೆಯ ಒಳಗಿರುವ ಅಟ್ಟದ ಮುಚ್ಚಳ ವಾಸ್ತವದಲ್ಲಿ ಮನೆಯ ಹೊರಬಾಗಿಲು. ಮುಂಬಾಗಿಲಿಗೆ ದಪ್ಪ ಹಲಗೆ, ಸುತ್ತಲೂ ರಬ್ಬರ್ ಪಟ್ಟಿ, ಗಟ್ಟಿ ಚಿಲಕ ಹಾಕಿಸುವ ಮನೆಯೊಡೆಯ, ತಲೆಯ ಮೇಲಿನ ಹೊರಬಾಗಿಲಿಗೆ ತೆಳು ಪ್ಲೈವುಡ್ ತುಂಡೊಂದನ್ನು ಸುಮ್ಮನೆ ಇರಿಸಿ ಮರೆತಿರುತ್ತಾನೆ.

ಬಿಸಿಗಾಳಿ ಮೇಲೇರುವ ಪರಿ

20 ಡಿಗ್ರಿ ಸೆಲ್ಷಿಯಸ್‌ನ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿನ ಗಾಳಿಯ ತೂಕ ಸುಮಾರು 1.34 ಕಿಲೋ. ಆದ್ದರಿಂದ ಬೆಚ್ಚಗಿನ ಮನೆಯೊಳಗಿನ ಹಗುರ ಗಾಳಿ ಮೇಲಕ್ಕೆ ಒತ್ತುತ್ತದೆ. ತಣ್ಣನೆಯ ಭಾರದ ಗಾಳಿ ನೆಲಮಟ್ಟದ ಬಿರುಕುಗಳಿಂದ ಒಳನುಗ್ಗುತ್ತದೆ. ಎತ್ತರದ ಹೊಗೆಗೊಳವೆ ಹೊಗೆಯನ್ನು ಎಳೆಯುವುದೂ ಇದೇ ತತ್ತ್ವದಿಂದ. ಕಟ್ಟಡ ತಜ್ಞರು ಇದನ್ನು ಸ್ಟ್ಯಾಕ್ ಎಫೆಕ್ಟ್ ಎನ್ನುತ್ತಾರೆ. ಮನೆ ಎತ್ತರವಾದಷ್ಟೂ, ಹೊರಗೆ ಚಳಿ ಹೆಚ್ಚಿದಷ್ಟೂ ಸೆಳೆತ ಜೋರು. ಈ ಒತ್ತಡ ಅತಿ ಹೆಚ್ಚಾಗಿರುವುದು ಮೇಲ್ಮಹಡಿಯ ಸೀಲಿಂಗಿನಲ್ಲಿ, ಅಂದರೆ ಅಟ್ಟದ ಬಾಯಿ ಇರುವ ಸ್ಥಳದಲ್ಲೇ.

ಸಂದು ಎಷ್ಟು ದೊಡ್ಡದೆಂಬ ಲೆಕ್ಕ ಸುಲಭ. ಮಡಚುವ ಏಣಿಯ ಬಾಯಿ ಸಾಮಾನ್ಯವಾಗಿ ಇಪ್ಪತ್ತೆರಡೂವರೆ ಇಂಚು ಅಗಲ, 54 ಇಂಚು ಉದ್ದ. ಸುತ್ತಳತೆ 153 ಇಂಚು. ಸುತ್ತಲೂ ಕಾಲು ಇಂಚಿನ ಸಂದು ಉಳಿದರೂ ಒಟ್ಟು ತೆರಪು ಸುಮಾರು 38 ಚದರ ಇಂಚು. ಸೀಲಿಂಗಿನಲ್ಲಿ ಆರು ಇಂಚು ಉದ್ದ, ಆರು ಇಂಚು ಅಗಲದ ರಂಧ್ರ ಕೊರೆದು ಚಳಿಗಾಲವಿಡೀ ತೆರೆದಿಟ್ಟರೆ ಎಷ್ಟೋ ಅಷ್ಟು. ಬೇಸಿಗೆಯಲ್ಲಿ ಕಥೆ ಬೇರೆ ರೀತಿ. ಬಿಸಿಲಿಗೆ ಅಟ್ಟದ ಉಷ್ಣತೆ 50 ಡಿಗ್ರಿ ದಾಟುವುದುಂಟು; ಆ ಶಾಖ ಅದೇ ತೆಳು ಹಲಗೆಯ ಮೂಲಕ ಕೆಳಗಿಳಿದು ಹವಾನಿಯಂತ್ರಕದ ಕೆಲಸ ಹೆಚ್ಚಿಸುತ್ತದೆ.

ಶೇಕಡಾ ಒಂದರ ಲೆಕ್ಕ

ಉಷ್ಣನಿರೋಧಕದ ಬಲವನ್ನು ಅಮೆರಿಕದಲ್ಲಿ ಆರ್ ಮೌಲ್ಯದಿಂದ ಅಳೆಯುತ್ತಾರೆ. ಆರ್ ಹೆಚ್ಚಿದಷ್ಟೂ ಶಾಖ ದಾಟುವುದು ಕಡಿಮೆ. ಗಾಜಿನ ನಾರಿನ ಹಾಸು ಇಂಚಿಗೆ ಮೂರಕ್ಕಿಂತ ತುಸು ಹೆಚ್ಚು, ಸೆಲ್ಯುಲೋಸ್ ಸುಮಾರು ಮೂರೂವರೆ, ಗಟ್ಟಿ ಫೋಮ್ ಹಲಗೆ ನಾಲ್ಕರಿಂದ ಆರು ಆರ್ ಮೌಲ್ಯ ಕೊಡುತ್ತವೆ. ತೆಳು ಪ್ಲೈವುಡ್ ಹಲಗೆಯದು ಒಂದರ ಆಸುಪಾಸು.

ಒಂದು ಮನೆಯ ಸೀಲಿಂಗು 1,000 ಚದರ ಅಡಿ ಎಂದುಕೊಂಡರೆ, ಅದರಲ್ಲಿ 990 ಅಡಿಗೆ ಆರ್-38ರ ಹಾಸು ಇದೆ. ಉಳಿದ 10 ಅಡಿ ಅಟ್ಟದ ಬಾಯಿ, ಆರ್-1. ಉಷ್ಣತೆಯ ಪ್ರತಿ ಫ್ಯಾರನ್‌ಹೀಟ್ ಡಿಗ್ರಿ ವ್ಯತ್ಯಾಸಕ್ಕೆ 990 ಅಡಿಯ ಮೂಲಕ ಗಂಟೆಗೆ 26 ಬಿಟಿಯು ಶಾಖ ದಾಟಿದರೆ, ಆ 10 ಅಡಿಯ ಮೂಲಕವೇ 10 ಬಿಟಿಯು ದಾಟುತ್ತದೆ. ಅಂದರೆ ಶೇ. 1ರಷ್ಟು ಜಾಗದಿಂದ ಸೀಲಿಂಗಿನ ಒಟ್ಟು ನಷ್ಟದ ನಾಲ್ಕನೇ ಒಂದಕ್ಕಿಂತ ಹೆಚ್ಚಿನ ಪಾಲು. ಇಡೀ ಸೀಲಿಂಗಿನ ಸರಾಸರಿ ಬಲ ಆರ್-38ರಿಂದ ಆರ್-28ಕ್ಕೆ ಕುಸಿಯುತ್ತದೆ.

ಈಗ ಎರಡು ಪರಿಹಾರಗಳನ್ನು ಹೋಲಿಸಬಹುದು. ಮೊದಲನೆಯದು, ಮುಚ್ಚಳವನ್ನು ಹಾಗೆಯೇ ಬಿಟ್ಟು ಉಳಿದ 990 ಅಡಿಗೂ ಹಾಸನ್ನು ಆರ್-60ಕ್ಕೆ ಏರಿಸುವುದು. ಆಗ ಒಟ್ಟು ನಷ್ಟ 36ರಿಂದ ಇಪ್ಪತ್ತಾರೂವರೆಗೆ ಇಳಿಯುತ್ತದೆ. ಎರಡನೆಯದು, ಹಾಸನ್ನು ಮುಟ್ಟದೆ ಮುಚ್ಚಳಕ್ಕೆ ಮಾತ್ರ ಎರಡು ಇಂಚು ದಪ್ಪದ, ಆರ್-10ರ ಫೋಮ್ ಹಲಗೆ ಅಂಟಿಸುವುದು. ಆಗಲೂ ನಷ್ಟ 27ಕ್ಕೆ ಇಳಿಯುತ್ತದೆ. ಒಂದಕ್ಕೆ ಯಂತ್ರ, ಕೆಲಸಗಾರರು, ಹಲವು ಮೂಟೆ ಸಾಮಗ್ರಿ ಬೇಕು; ಇನ್ನೊಂದು ಒಂದು ಮಧ್ಯಾಹ್ನದ ಕೆಲಸ. ಫಲ ಮಾತ್ರ ಹೆಚ್ಚುಕಡಿಮೆ ಒಂದೇ. ಇದು ಹಲಗೆಯ ಮೂಲಕ ಹಾಯುವ ಶಾಖದ ಲೆಕ್ಕವಷ್ಟೇ. ಸಂದಿನಿಂದ ಸೋರುವ ಗಾಳಿಯ ನಷ್ಟ ಇದಕ್ಕೆ ಹೊರತು.

ಟ್ವಿನ್ ರಿವರ್ಸ್ ಕಲಿಸಿದ ಪಾಠ

1973ರ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕದಲ್ಲಿ ಮನೆ ಬೆಚ್ಚಗಿಡುವ ವೆಚ್ಚ ರಾಷ್ಟ್ರೀಯ ಚಿಂತೆಯಾಯಿತು. ಅದಕ್ಕೂ ಮುನ್ನವೇ, 1972ರಲ್ಲಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡವೊಂದು ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಬಡಾವಣೆಯಲ್ಲಿ ಅಧ್ಯಯನ ಆರಂಭಿಸಿತ್ತು. ಒಂದೇ ನಕ್ಷೆಯ ಸಾಲುಮನೆಗಳಾದ್ದರಿಂದ ಹೋಲಿಕೆಗೆ ಅನುಕೂಲವಿತ್ತು.

ಅಳತೆ ನೋಡಿದಾಗ ಅಟ್ಟದ ಮೂಲಕ ಆಗುತ್ತಿದ್ದ ನಷ್ಟ ಪುಸ್ತಕದ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಜಾನ್ ಬೆಯಾ, ಗೌತಮ್ ದತ್ ಮತ್ತು ಥಾಮಸ್ ವೊಟೆಕಿ 1978ರಲ್ಲಿ ಪ್ರಕಟಿಸಿದ ಪ್ರಬಂಧ ಕಾರಣವನ್ನು ತೋರಿಸಿತು. ಹೊಗೆಗೊಳವೆಯ ಸುತ್ತಲಿನ ಖಾಲಿ ಜಾಗ, ಎರಡು ಮನೆಗಳ ನಡುವಿನ ಟೊಳ್ಳು ಇಟ್ಟಿಗೆಯ ಗೋಡೆ ಮುಂತಾದ ಅಡ್ಡದಾರಿಗಳಲ್ಲಿ ಶಾಖ ನಿರೋಧಕವನ್ನು ಬಳಸಿಕೊಂಡು ನೇರವಾಗಿ ಅಟ್ಟ ಸೇರುತ್ತಿತ್ತು. ಹಾಸು ದಪ್ಪವಿದ್ದರೂ ಪಕ್ಕದ ಕಿಂಡಿ ತೆರೆದಿದ್ದರೆ ಪ್ರಯೋಜನವಿಲ್ಲವೆಂಬುದು ಆಗ ಖಚಿತವಾಯಿತು. ಇಂತಹ ದಾರಿಗಳನ್ನು ಮುಚ್ಚಿ, ಕಿಟಕಿಗಳನ್ನೂ ಸುಧಾರಿಸಿದ ಒಂದು ಮನೆಯಲ್ಲಿ ಕಾವಿನ ಅಗತ್ಯ ಮೂರನೇ ಎರಡು ಪಾಲು ಇಳಿಯಿತು.

ಮೊದಲು ಗಾಳಿ ಸೋರಿಕೆ ತಡೆ, ಅನಂತರ ಉಷ್ಣನಿರೋಧಕ ಎಂಬ ಇಂದಿನ ಸೂತ್ರದ ಬೇರು ಇಂತಹ ಅಧ್ಯಯನಗಳಲ್ಲಿದೆ. ಗಾಜಿನ ನಾರು ಶಾಖವನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಉಣ್ಣೆಯ ಸ್ವೆಟರ್ ಮನೆಯೊಳಗೆ ಬೆಚ್ಚಗಿದ್ದರೂ ಬಿರುಗಾಳಿಯಲ್ಲಿ ಸಾಲದು, ಮೇಲೊಂದು ಜಾಕೆಟ್ ಬೇಕು ಎಂಬಂತೆ.

ತೇವ, ಬೂಸು, ಮಂಜುಗಡ್ಡೆ

ನಷ್ಟ ಹಣದ್ದು ಮಾತ್ರವಲ್ಲ. ಅಡುಗೆ, ಸ್ನಾನ, ಉಸಿರಾಟಗಳಿಂದ ಮನೆಯ ಗಾಳಿಗೆ ತೇವ ಸೇರುತ್ತಿರುತ್ತದೆ. 20 ಡಿಗ್ರಿಯಲ್ಲಿ ಶೇ. 40ರಷ್ಟು ಆರ್ದ್ರತೆಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 7 ಗ್ರಾಂ ನೀರಾವಿ ಇರುತ್ತದೆ. ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿನ ಗಾಳಿ ಎರಡೂ ಚಿಲ್ಲರೆ ಗ್ರಾಂಗಿಂತ ಹೆಚ್ಚು ಹಿಡಿದಿಡಲಾರದು. ಹಾಗಾಗಿ ಅಟ್ಟದ ಬಾಯಿಯಿಂದ ಮೇಲೇರಿದ ತೇವ ಛಾವಣಿ ಹಲಗೆಯ ಒಳಮೈಗೂ ಮೊಳೆಗಳ ತುದಿಗೂ ಹಿಮವಾಗಿ ಅಂಟುತ್ತದೆ. ಬಿಸಿಲೇರಿದಾಗ ಅದು ಕರಗಿ ತೊಟ್ಟಿಕ್ಕುತ್ತದೆ. ಛಾವಣಿ ಸೋರುತ್ತಿದೆ ಎಂದುಕೊಂಡು ಮನೆಯವರು ಹೊರಗೆ ಬಿರುಕು ಹುಡುಕುತ್ತಾರೆ, ನೀರು ಬಂದಿರುವುದು ಒಳಗಿನಿಂದ. ವರ್ಷಗಟ್ಟಲೆ ಹೀಗಾದರೆ ಮರಕ್ಕೆ ಬೂಸು ಹಿಡಿದು ಕೊಳೆಯತೊಡಗುತ್ತದೆ.

ಮತ್ತೊಂದು ತೊಂದರೆ ಛಾವಣಿಯ ಹೊರಗೆ. ಸೋರಿದ ಶಾಖದಿಂದ ಅಟ್ಟ ಬೆಚ್ಚಗಾಗಿ ಛಾವಣಿಯ ಮೇಲಿನ ಹಿಮ ತಳದಿಂದ ಕರಗುತ್ತದೆ. ನೀರು ಇಳಿದು ತಣ್ಣನೆಯ ಅಂಚನ್ನು ಮುಟ್ಟಿದೊಡನೆ ಮತ್ತೆ ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ. ಕಟ್ಟೆಯ ಹಿಂದೆ ನಿಂತ ನೀರು ಛಾವಣಿಯ ಪದರಗಳಡಿ ನುಸುಳಿ ಗೋಡೆಗೆ ಇಳಿಯುತ್ತದೆ. ಇದೇ ಐಸ್ ಡ್ಯಾಮ್. ಸಾಲುಮನೆಗಳಲ್ಲಿ ಒಂದರ ಛಾವಣಿಯ ಹಿಮ ಮಾತ್ರ ಬೇಗ ಕರಗಿದ್ದರೆ, ಆ ಮನೆಯ ಸೀಲಿಂಗ್ ಸೋರುತ್ತಿದೆಯೆಂದು ರಸ್ತೆಯಲ್ಲಿ ನಿಂತೇ ಊಹಿಸಬಹುದು.

ಏಣಿ ಹತ್ತುವ ಮುನ್ನ

ಅಟ್ಟದಲ್ಲಿ ಕೈಹಾಕುವ ಮೊದಲು ಕೆಲವು ಅಪಾಯಗಳನ್ನು ಅರಿತಿರುವುದು ಅಗತ್ಯ.

ಮೊದಲನೆಯದು ಹಳೆಯ ನಿರೋಧಕ. ಬೂದು ಅಥವಾ ಹೊಂಬಣ್ಣದ, ಉಂಡೆ ಉಂಡೆಯಾಗಿ ಹೊಳೆಯುವ ಹರಳು ಕಂಡರೆ ಅದು ವರ್ಮಿಕ್ಯುಲೈಟ್ ಆಗಿರಬಹುದು. 1919ರಿಂದ 1990ರ ನಡುವೆ ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟಿನ ಶೇ. 70ಕ್ಕೂ ಹೆಚ್ಚು ಭಾಗ ಮೊಂಟಾನಾ ರಾಜ್ಯದ ಲಿಬ್ಬಿ ಗಣಿಯಿಂದ ಬಂದದ್ದು. ಅಲ್ಲಿನ ಅದಿರಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತಿತ್ತು. ಅದು ಶ್ವಾಸಕೋಶದ ಕ್ಯಾನ್ಸರಿಗೂ ಎದೆಯ ಒಳಪೊರೆಯ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಲಿಬ್ಬಿಯ ಪರಿಸ್ಥಿತಿ ಎಷ್ಟು ಗಂಭೀರವಾಗಿತ್ತೆಂದರೆ 2009ರ ಜೂನ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಲ್ಲಿ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಇಂತಹ ಹರಳು ಕಂಡಲ್ಲಿ ಅದನ್ನು ಕೆದಕದೆ, ಗುಡಿಸದೆ, ಮುಚ್ಚಳ ಹಾಕಿ ತರಬೇತಿ ಪಡೆದವರನ್ನು ಕರೆಸುವುದೇ ಸರಿಯಾದ ದಾರಿ.

ಎರಡನೆಯದು ಹೆಜ್ಜೆ ಇಡುವ ಸ್ಥಳ. ತೊಲೆಗಳ ನಡುವಿನ ಜಿಪ್ಸಂ ಹಲಗೆ ಮನುಷ್ಯನ ಭಾರ ತಾಳದು. ತೊಲೆಗಳ ಮೇಲೆ ಅಡ್ಡಹಲಗೆ ಹಾಕಿಕೊಂಡೇ ಓಡಾಡಬೇಕು. ತಲೆಯ ಮೇಲೆ ಛಾವಣಿಯ ಮೊಳೆಗಳು ಚಾಚಿಕೊಂಡಿರುತ್ತವೆ. ಧೂಳುಮುಸುಕು, ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ ಇರಲೇಬೇಕು. ಬೇಸಿಗೆಯ ಮಧ್ಯಾಹ್ನ ಈ ಕೆಲಸಕ್ಕೆ ಸಲ್ಲದು.

ಮೂರನೆಯದು ಬೆಂಕಿ. ಹೊಗೆಗೊಳವೆಗೂ, ಬಿಸಿಯೇರುವ ಹಳೆಯ ಸೀಲಿಂಗ್ ದೀಪಗಳಿಗೂ ನಿರೋಧಕ ತಾಗಿಸಬಾರದು. ಪಿಂಗಾಣಿ ಬುಡ್ಡಿಗಳ ಮೇಲೆ ಎಳೆದ ಹಳೆಯ ವಿದ್ಯುತ್ ತಂತಿ ಕಂಡರೆ ಎಲೆಕ್ಟ್ರಿಷಿಯನ್ ನೋಡುವವರೆಗೆ ಅದನ್ನು ಹಾಸಿನಿಂದ ಮುಚ್ಚಬಾರದು. ಕಾರು ನಿಲ್ಲಿಸುವ ಗ್ಯಾರೇಜಿನ ಸೀಲಿಂಗಿನಲ್ಲಿರುವ ಬಾಯಿ ಬೆಂಕಿ ತಡೆಯುವ ಗೋಡೆಯ ಭಾಗವಾಗಿರುವುದುಂಟು. ಅಲ್ಲಿ ಸ್ಥಳೀಯ ಕಟ್ಟಡ ನಿಯಮ ಒಪ್ಪುವ ಮುಚ್ಚಳವನ್ನೇ ಬಳಸಬೇಕು.

ಸರಳ ಮುಚ್ಚಳವಾದರೆ

ಸಾಮಾನ್ಯ ಮುಚ್ಚಳ ಸೀಲಿಂಗಿನ ಚೌಕಟ್ಟಿನ ಪಟ್ಟಿಯ ಮೇಲೆ ತನ್ನ ಭಾರದಿಂದ ಕೂತಿರುತ್ತದೆ. ಕೆಲಸದ ಕ್ರಮ ಹೀಗೆ.

ಮೊದಲು, ಚೌಕಟ್ಟಿಗೂ ಜಿಪ್ಸಂ ಹಲಗೆಗೂ ನಡುವಿನ ಬಿರುಕನ್ನು ಸೀಲಂಟ್ ಅಂಟಿನಿಂದ ತುಂಬಬೇಕು. ಹಲವರು ಮುಚ್ಚಳದ ಅಂಚನ್ನಷ್ಟೇ ನೋಡಿ ಇದನ್ನು ಮರೆಯುತ್ತಾರೆ.

ಎರಡನೆಯದಾಗಿ, ಮುಚ್ಚಳ ಕೂರುವ ಪಟ್ಟಿಯ ಮೇಲೆ ಸುತ್ತಲೂ ಮೆತ್ತನೆಯ ಫೋಮ್ ಅಥವಾ ರಬ್ಬರ್ ಪಟ್ಟಿ ಅಂಟಿಸಬೇಕು. ನಾಲ್ಕು ಮೂಲೆಗಳಲ್ಲಿ ಸಂದು ಉಳಿಯಬಾರದು. ಹಗುರ ಮುಚ್ಚಳ ಈ ಪಟ್ಟಿಯನ್ನು ಅದುಮಲಾರದು, ಆದ್ದರಿಂದ ಎರಡು ಬದಿಗೆ ಕೊಕ್ಕೆ ಅಥವಾ ಚಿಲಕ ಹಾಕಿ ಬಿಗಿಯಾಗಿ ಎಳೆದು ಹಿಡಿಯುವಂತೆ ಮಾಡಬೇಕು.

ಮೂರನೆಯದಾಗಿ, ಮುಚ್ಚಳದ ಮೇಲ್ಮೈಗೆ ಗಟ್ಟಿ ಫೋಮ್ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಬೇಕು. ಎತ್ತಲು ಭಾರವಾಗದಷ್ಟು ದಪ್ಪವಿದ್ದರೆ ಸಾಕು. ಫೋಮ್ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಅದನ್ನು ಜಿಪ್ಸಂ ಹಲಗೆಯಿಂದ ಮರೆಮಾಡಬೇಕು, ಇಲ್ಲವೇ ತೆರೆದಿಡಲು ಅಗ್ನಿಪರೀಕ್ಷೆಯಲ್ಲಿ ಅರ್ಹವಾದದ್ದನ್ನೇ ಕೊಳ್ಳಬೇಕು.

ನಾಲ್ಕನೆಯದಾಗಿ, ಬಾಯಿಯ ಸುತ್ತ ಅಟ್ಟದ ಬದಿಯಲ್ಲಿ ಪ್ಲೈವುಡ್ಡಿನ ಕಟ್ಟೆ ಕಟ್ಟಬೇಕು. ಅದು ಸುತ್ತಲಿನ ಹಾಸಿಗಿಂತ ಎತ್ತರವಿರಬೇಕು. ಇಲ್ಲವಾದರೆ ಮುಚ್ಚಳ ತೆರೆದಾಗಲೆಲ್ಲ ಪುಡಿ ನಿರೋಧಕ ಕೆಳಗೆ ಸುರಿದು, ಅಂಚಿನ ಹಾಸು ತೆಳುವಾಗುತ್ತ ಹೋಗುತ್ತದೆ.

ಮಡಚುವ ಏಣಿಯಾದರೆ

ಇಲ್ಲಿ ಹಲಗೆಯ ಮೇಲೆಯೇ ಏಣಿ ಮಡಚಿಕೊಳ್ಳುವುದರಿಂದ ನೇರವಾಗಿ ಫೋಮ್ ಅಂಟಿಸಲಾಗದು. ಆದ್ದರಿಂದ ಮಡಚಿದ ಏಣಿಯನ್ನೂ ಒಳಗೊಳ್ಳುವಂತೆ, ಅಟ್ಟದ ಬದಿಯಿಂದ ಕವುಚಿ ಹಾಕುವ ಪೆಟ್ಟಿಗೆಯೊಂದನ್ನು ಫೋಮ್ ಹಲಗೆಯಲ್ಲಿ ಮಾಡಿಕೊಳ್ಳುತ್ತಾರೆ. ಮೂಲೆಗಳನ್ನು ಅಂಟಿನಿಂದ ಸೇರಿಸಿ ಲೋಹದ ಹಾಳೆಯ ಟೇಪು ಸುತ್ತುತ್ತಾರೆ. ಪೆಟ್ಟಿಗೆ ಕೂರುವ ಅಂಚಿಗೆ ಮೆತ್ತನೆಯ ಪಟ್ಟಿ ಇರಬೇಕು. ಹಗುರವಾಗಿದ್ದರೆ ಏಣಿಯ ಮೇಲೆ ನಿಂತವರು ಒಂದೇ ಕೈಯಲ್ಲಿ ಸರಿಸಿ ಮೇಲೇರಬಹುದು. ಜಿಪ್ ಇರುವ ಗುಡಾರದಂತಹ ಸಿದ್ಧ ಹೊದಿಕೆಗಳೂ ಮಾರುಕಟ್ಟೆಯಲ್ಲಿವೆ.

ಏಣಿಯ ಚೌಕಟ್ಟಿಗೂ ಸುತ್ತಲಿನ ತೊಲೆಗಳಿಗೂ ನಡುವೆ ಬೆರಳು ತೂರುವಷ್ಟು ಜಾಗ ಇರುವುದುಂಟು. ಅದನ್ನು ಕಡಿಮೆ ಉಬ್ಬುವ ಸಿಂಪಡಣೆ ಫೋಮ್‌ನಿಂದ ತುಂಬಬೇಕು. ಹೆಚ್ಚು ಉಬ್ಬುವ ಫೋಮ್ ಬಳಸಿದರೆ ಚೌಕಟ್ಟು ಸೊಟ್ಟಗಾಗಿ ಏಣಿ ಸಿಕ್ಕಿಕೊಳ್ಳುತ್ತದೆ. ಸ್ಪ್ರಿಂಗು ಸಡಿಲಗೊಂಡು ಹಲಗೆ ಒಂದು ಬದಿ ಜೋತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಬೇಕು. ಸೊಟ್ಟ ಬಾಗಿಲಿಗೆ ಎಷ್ಟು ಪಟ್ಟಿ ಅಂಟಿಸಿದರೂ ಸಂದು ಮುಚ್ಚದು.

ಮೇಲ್ಮಹಡಿಯ ಕೋಣೆಯ ಮೋಟುಗೋಡೆಯಲ್ಲಿ ಪುಟ್ಟ ಬಾಗಿಲಿದ್ದು, ಅದರಾಚೆ ಅಟ್ಟವಿರುವ ಮನೆಗಳೂ ಇವೆ. ಆ ಬಾಗಿಲಿಗೂ ಹೊರಬಾಗಿಲಿನ ಉಪಚಾರವೇ ಬೇಕು: ಸುತ್ತಲೂ ರಬ್ಬರ್ ಪಟ್ಟಿ, ಹೊಸ್ತಿಲಿಗೆ ಬ್ರಷ್ ಪಟ್ಟಿ, ಹಿಂಬದಿಗೆ ಫೋಮ್ ಹಲಗೆ, ಬಿಗಿ ಚಿಲಕ.

ಊದುಬತ್ತಿಯ ಪರೀಕ್ಷೆ

ಕೆಲಸ ಸರಿಯಾಯಿತೇ ಎಂದು ತಿಳಿಯಲು ಕನ್ನಡ ಮನೆಗಳ ದೇವರ ಗೂಡಿನಲ್ಲಿರುವ ಊದುಬತ್ತಿಯೇ ಸಾಕು. ಚಳಿ ಹೆಚ್ಚಿರುವ ದಿನ ಉರಿಯುವ ಬತ್ತಿಯನ್ನು ಎಚ್ಚರಿಕೆಯಿಂದ ಮುಚ್ಚಳದ ಅಂಚಿನ ಬಳಿ ಹಿಡಿದು ಸರಿಸುತ್ತ ಹೋಗಬೇಕು. ಹೊಗೆ ಅಲುಗಾಡದೆ ನೆಟ್ಟಗೆ ಏರಿದರೆ ಸಂದಿಲ್ಲ. ಅಂಚಿನತ್ತ ಸೆಳೆದುಕೊಂಡು ಮಾಯವಾದರೆ ಅಲ್ಲಿ ಇನ್ನೂ ಸೋರಿಕೆಯಿದೆ. ವೃತ್ತಿಪರರು ಹೊರಬಾಗಿಲಿಗೆ ದೊಡ್ಡ ಫ್ಯಾನ್ ಅಳವಡಿಸಿ ಮನೆಯ ಒತ್ತಡ ಬದಲಿಸಿ ಸೋರಿಕೆ ಅಳೆಯುತ್ತಾರೆ. ಬ್ಲೋವರ್ ಡೋರ್ ಎಂಬ ಈ ಉಪಕರಣ 1970ರ ದಶಕದಲ್ಲಿ ಸ್ವೀಡನ್‌ನಿಂದ ಪ್ರಿನ್ಸ್‌ಟನ್‌ಗೆ ಬಂದದ್ದು.

ಗಾಳಿ ಸೋರಿಕೆ ನಿಂತ ಮೇಲೆ ಒಂದು ಎಚ್ಚರಿಕೆ ಅತಿ ಮುಖ್ಯ. ಗ್ಯಾಸ್ ಉರಿಸುವ ಫರ್ನೇಸ್ ಅಥವಾ ನೀರು ಕಾಯಿಸುವ ಹಂಡೆಯ ಹೊಗೆ ತಾನಾಗಿ ಗೊಳವೆಯಲ್ಲಿ ಮೇಲೇರುವ ಮನೆಗಳಲ್ಲಿ, ಸಂದುಗಳೆಲ್ಲ ಮುಚ್ಚಿದಾಗ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಆ ಹೊಗೆಯನ್ನೇ ಹಿಂದಕ್ಕೆ ಎಳೆಯಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದ್ದವರನ್ನು ಮಲಗಿದ್ದಲ್ಲೇ ಕೊಲ್ಲಬಲ್ಲದು. ಆದ್ದರಿಂದ ಹೊಗೆಗೊಳವೆಯ ಸೆಳೆತವನ್ನು ತಜ್ಞರಿಂದ ಪರೀಕ್ಷಿಸಿ, ಪ್ರತಿ ಮಹಡಿಯಲ್ಲೂ ಎಚ್ಚರಿಕೆ ಗಂಟೆ ಅಳವಡಿಸಬೇಕು. ಬಚ್ಚಲುಮನೆಯ ಫ್ಯಾನಿನ ಗೊಳವೆ ಅಟ್ಟದಲ್ಲೇ ಕೊನೆಗೊಂಡಿದ್ದರೆ ಅದನ್ನು ಛಾವಣಿಯಾಚೆಗೆ ಒಯ್ಯಬೇಕು. ಛಾವಣಿ ಅಂಚಿನ ಗಾಳಿಕಂಡಿಗಳನ್ನು ಮಾತ್ರ ಎಂದೂ ಮುಚ್ಚಬಾರದು.

ನಿಯಮ ಮತ್ತು ನೆರವು

ಅಮೆರಿಕದ ಮಾದರಿ ವಸತಿ ಸಂಹಿತೆಯ ಪ್ರಕಾರ, 30 ಚದರ ಅಡಿ ಅಥವಾ ಹೆಚ್ಚು ವಿಸ್ತೀರ್ಣವೂ 30 ಇಂಚು ಎತ್ತರವೂ ಇರುವ ಅಟ್ಟಕ್ಕೆ ಕನಿಷ್ಠ 22 ಇಂಚು ಅಗಲ, 30 ಇಂಚು ಉದ್ದದ ಬಾಯಿ ಇರಲೇಬೇಕು. 2021ರ ಇಂಧನ ಸಂರಕ್ಷಣಾ ಸಂಹಿತೆ ಚಳಿ ವಲಯಗಳ ಸೀಲಿಂಗಿಗೆ ಆರ್-60 ನಿಗದಿಪಡಿಸಿದೆ. ಮುಚ್ಚಳಕ್ಕೆ ಸುತ್ತಲಿನ ಹಾಸಿಗೆ ಸಮನಾದ ನಿರೋಧಕವೂ ಅಂಚಿಗೆ ಗಾಳಿತಡೆ ಪಟ್ಟಿಯೂ ಇರಬೇಕೆಂಬುದು ಅದರ ಮೂಲ ನಿಯಮ. ಬೆಚ್ಚನೆಯ ವಲಯಗಳ ಮಡಚುವ ಏಣಿಗಳಿಗೆ ಕೆಲವು ವಿನಾಯಿತಿಗಳಿವೆ.

ಕಡಿಮೆ ಆದಾಯದ ಕುಟುಂಬಗಳ ಮನೆ ದುರಸ್ತಿಗೆಂದು 1976ರ ಕಾನೂನಿನಡಿ ವೆದರೈಸೇಷನ್ ಅಸಿಸ್ಟೆನ್ಸ್ ಎಂಬ ಕಾರ್ಯಕ್ರಮ ಆರಂಭವಾಯಿತು. ಇತರರಿಗೆ 2023ರಿಂದ 2025ರವರೆಗೆ ನಿರೋಧಕ ಮತ್ತು ಗಾಳಿತಡೆ ಸಾಮಗ್ರಿಯ ವೆಚ್ಚದ ಶೇ. 30ರಷ್ಟನ್ನು, ವರ್ಷಕ್ಕೆ 1,200 ಡಾಲರ್ ಮಿತಿಯೊಳಗೆ, ಆದಾಯ ತೆರಿಗೆಯಲ್ಲಿ ಕಳೆಯಲು ಅವಕಾಶವಿತ್ತು. 2025ರ ಡಿಸೆಂಬರ್ 31ಕ್ಕೆ ಆ ರಿಯಾಯಿತಿ ಕೊನೆಗೊಂಡಿತು.

ಕರ್ನಾಟಕದ ಮನೆಗೆ?

ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಗಳ ಸಮತಟ್ಟು ಕಾಂಕ್ರೀಟ್ ತಾರಸಿಯ ಮನೆಗೆ ಈ ಪಾಠ ಹಾಗೆಯೇ ಅನ್ವಯಿಸದು. ಇಲ್ಲಿ ಶತ್ರು ಬಿಸಿಲು. ಶಾಖ ಬರುವುದು ಕಾದ ತಾರಸಿಯ ಮೂಲಕ. ಕಿಟಕಿ ತೆರೆದು ಬಾಳುವ ಮನೆಗೆ ಗಾಳಿ ಬಂಧಿಸುವುದು ಬೇಕೂ ಇಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆ ಛಾವಣಿಯ ಶಾಖ ದಾಟುವಿಕೆಗೆ ಚದರ ಮೀಟರಿಗೆ, ಡಿಗ್ರಿಗೆ 1.2 ವಾಟ್ ಮಿತಿ ಹಾಕಿತು. ಅಮೆರಿಕದ ಆರ್-60 ಇದೇ ಅಳತೆಯಲ್ಲಿ ಸುಮಾರು 0.1 ವಾಟ್. ಎರಡು ನಾಡುಗಳ ಹವೆಯ ಅಂತರವನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಆದರೂ ಹವಾನಿಯಂತ್ರಿತ ಕೋಣೆಯಿರುವ ಇಲ್ಲಿನ ಮನೆಗಳಿಗೂ ಒಂದು ಅಂಶ ಹೊಂದುತ್ತದೆ. ತಡೆಯ ಬಲವನ್ನು ನಿರ್ಧರಿಸುವುದು ಅದರ ಅತಿ ದಪ್ಪ ಭಾಗವಲ್ಲ, ಅತಿ ದುರ್ಬಲ ಭಾಗ. ಕೆರೆಯ ಏರಿ ಎಷ್ಟೇ ಎತ್ತರವಿದ್ದರೂ ತೂಬು ಮುಚ್ಚದಿದ್ದರೆ ನೀರು ನಿಲ್ಲದೆಂಬುದು ಇಲ್ಲಿನ ರೈತನಿಗೆ ಹೊಸ ಮಾತಲ್ಲ. ಕಡಲಾಚೆಯ ಚಳಿಯಲ್ಲಿ ಸಾಲ ಮಾಡಿ ಮನೆ ಕೊಂಡ ಕನ್ನಡ ಕುಟುಂಬಗಳು ಮುಂದಿನ ಚಳಿಗಾಲಕ್ಕೆ ಮುನ್ನ ಏಣಿ ಹತ್ತಿ ಆ ತೂಬನ್ನೊಮ್ಮೆ ನೋಡಿಕೊಳ್ಳುವುದು ಒಳಿತು.